ಅಪ್ಪನ ಬಿಗಿ ಬೂಟು, ಅಂಗಡಿಯ ದಂಡ

ಗೆಳೆಯರೇ, ಸಕ್ಕರೆ ಕಾಯಿಲೆಯಿಂದ ಅಪ್ಪನ ಪಾದಗಳಿಗೆ ನೋವೇ ತಿಳಿಯುವುದಿಲ್ಲ. ಅವರಿಗೆಂದು ಇಂಟರ್ನೆಟ್ ಅಂಗಡಿಯಿಂದ ತರಿಸಿದ ಮೆತ್ತನೆಯ ಬೂಟು ಇಂದು ಬಂದವು. ಬಿಗಿಯಾಗಿದ್ದವು. ಕೂಡಲೇ ಅಂಗಡಿಗೆ ಫೋನ್ ಮಾಡಿದೆ.

"ವಾಪಸ್ ಕಳಿಸೋ ಖರ್ಚು ನಿಮ್ಮದೇ ಸರ್."

"ನಿಮ್ಮ ಅಳತೆಯ ಪಟ್ಟಿ ನೋಡೇ ತರಿಸಿದ್ದು, ದಂಡ ನನಗ್ಯಾಕ?"

"ನಿಯಮ ಸರ್."

ಹಿಂದೆ ಇಲ್ಲೇ ಸ್ವಾರಗೇಟ್ ಬಡಾವಣೆಯಲ್ಲಿ ಬೂಟಿನಂಗಡಿ ಇಟ್ಟಿದ್ದ ಬೆಳಗಾವಿಯವರು ಮೂರು ಜೋಡಿ ಮನೆಗೇ ಕೊಟ್ಟು, "ಹಾಕಿ ನೋಡ್ರಿ, ಒಲ್ಲದ್ದು ನಾಳೆ ತರ್ರಿ" ಅನ್ನುತ್ತಿದ್ದರು.

ಫೋನಿಟ್ಟು ತಿರುಗಿದರೆ, ಅಪ್ಪ ಅದೇ ಬೂಟು ಹಾಕಿಕೊಂಡು ಅಂಗಳ ಸುತ್ತುತ್ತಿದ್ದರು. "ಸುಮ್ನ ರೊಕ್ಕ ಯಾಕ ಕೊಡ್ತೀಯೋ? ನಡದ್ರ ಸಡ್ಲ ಆಗ್ತಾವ!"

ಬಿಚ್ಚಿಸಿ ನೋಡಿದೆ. ಹೆಬ್ಬೆರಳ ಮೇಲೆ ಬೊಬ್ಬೆ ಎದ್ದಿತ್ತು. ನಾಳೆ ಬೆಳಿಗ್ಗೆ ಡಾಕ್ಟರರ ಬಳಿ ಹೋಗಬೇಕು.

ತೊಟ್ಟು ನಡೆದ ಬೂಟನ್ನು ಅಂಗಡಿ ಇನ್ನು ವಾಪಸ್ ಪಡೆಯುವುದಿಲ್ಲ. ಹೆಬ್ಬೆರಳನ್ನಂತೂ ಯಾವ ಅಂಗಡಿಯೂ ಬದಲಿಸಿಕೊಡುವುದಿಲ್ಲ.