ಇಬ್ಬನಿ ಕೆಡವುವ ಓರಗಿತ್ತಿಯರು

ಇನ್ನೂ ಬೆಳಕು ಹರಿದಿಲ್ಲ. ಮೂಳೆ ಆಸ್ಪತ್ರೆಯ ಮುಂದಿನ ಹುಲ್ಲುಹಾಸಿನಲ್ಲಿ ಅದನ್ನು ನೋಡಿಕೊಳ್ಳುವ ಹುಲ್ಲಕ್ಕ ಟಾರ್ಚು ಹಿಡಿದು ಮಂಡಿಯೂರಿ ಕೂತಿದ್ದಾಳೆ. ಬೆಳಕು ಸರಿದಲ್ಲೆಲ್ಲ ಹುಲ್ಲು ಒಲೆಗೆ ತಾಗಿದ ಕೂದಲಿನಂತೆ ಮುರುಟಿಕೊಂಡಿದೆ. ಎರಚಿದ ಕೈಯ ಗುರುತು ಪಟ್ಟೆಪಟ್ಟೆಯಾಗಿ ಗೇಟಿನವರೆಗೂ ಕಾಣುತ್ತದೆ.

"ಯಾರ ಕಣ್ಣು ಬಿತ್ತೇ ನಿನ್ನ ಮೇಲೆ!" ಎಂದು ಹುಲ್ಲನ್ನೇ ಕೇಳುತ್ತಾಳೆ. ಹಿಂದೆ ಅವಳ ಓರಗಿತ್ತಿ ಹಗ್ಗ ಹಿಡಿದು ನಿಂತಿದ್ದಾಳೆ. ಹುಲ್ಲಕ್ಕನ ಬಗ್ಗೆ ಪೇಪರಿಗೆ ಬರೆಯಲು ಬಂದ ನಾನೂ ಬಗ್ಗಿ ನೋಡುತ್ತೇನೆ. ಕಳೆದ ವಾರ ಇದೇ ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಡೆದಿದ್ದೆ.

ಎಲುಬು ಕೂಡಿದ ರೋಗಿಗಳು ಬರಿಗಾಲಲ್ಲಿ ಮೊದಲ ಹೆಜ್ಜೆ ಇಡುವುದು ಇಲ್ಲೇ. ಬೆಚ್ಚಗಿನ ಊರುಗಳಲ್ಲಿ ಚಳಿಗಾಲಕ್ಕೆ ಹುಲ್ಲು ಸಾಯುವುದಿಲ್ಲ, ಅರೆನಿದ್ದೆಗೆ ಜಾರುತ್ತದೆ. "ನಮ್ಮತ್ತೆ ಥರ ಮೇಡಂ," ಎನ್ನುತ್ತಾಳೆ ಹುಲ್ಲಕ್ಕ. "ಜಾಸ್ತಿ ತಿನ್ನಿಸಿದ್ರೆ ಅಜೀರ್ಣ, ಜಾಸ್ತಿ ನೀರು ಕೊಟ್ರೆ ಶೀತ, ಸುಮ್ಮನೆ ಬಿಟ್ರೆ ಸಿಟ್ಟು." ರಾತ್ರಿಯ ಇಬ್ಬನಿ ನಿಂತರೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ದಿನಾ ನಸುಕಿನಲ್ಲಿ ಇಬ್ಬರು ಹೆಂಗಸರು ಎರಡು ಅಂಚಿನಲ್ಲಿ ನಿಂತು, ಉದ್ದನೆಯ ದಪ್ಪ ಹಗ್ಗವನ್ನು ಹುಲ್ಲಿನ ತುದಿ ಸವರುವಂತೆ ಎಳೆದು ಇಬ್ಬನಿ ಕೆಡವುತ್ತಾರೆ.

ಇವರು ಅಣ್ಣತಮ್ಮಂದಿರ ಹೆಂಡಿರು. ಒಂದೇ ಮನೆ, ನಡುವೆ ತಗಡಿನ ಗೋಡೆ, ಎರಡು ಒಲೆ. ಆರು ವರ್ಷದಿಂದ ಮಾತಿಲ್ಲ. ಹುಲ್ಲಕ್ಕನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಓರಗಿತ್ತಿ, "ಹುಡುಗಿ ಚಿನ್ನ, ಮೂಗಿನ ತುದೀಲಿ ಕೋಪ ಅಷ್ಟೇ" ಎಂದುಬಿಟ್ಟಳಂತೆ. ಸಂಬಂಧ ತಪ್ಪಿತು. "ಸುಳ್ಳು ಹೇಳಿದ್ದಿದ್ರೆ ಕ್ಷಮಿಸಬಹುದಿತ್ತು. ನಿಜ ಹೇಳಿದಳು!" ಎನ್ನುತ್ತಾಳೆ ಹುಲ್ಲಕ್ಕ. ಮಗಳಿಗೆ ಬೇರೆಡೆ ಮದುವೆಯಾಗಿ ಮಗುವೂ ಆಗಿದೆ, ಮುನಿಸು ಮಾತ್ರ ಹಾಗೇ ಇದೆ.

ಹಗ್ಗ ಸಡಿಲವಾದರೆ ಹುಲ್ಲಕ್ಕ ಗೇಟಿನ ಕಾವಲುಗಾರನತ್ತ ತಿರುಗುತ್ತಾಳೆ. "ಆ ಕಡೆಯವರು ರಾತ್ರಿ ಉಂಡಿಲ್ವಾ ಕೇಳಪ್ಪ." ಓರಗಿತ್ತಿಯ ಉತ್ತರವೂ ಅವನಿಗೇ: "ಆ ಕಡೆಯವರಿಗೆ ರೈಲು ತಪ್ಪತ್ತಾ, ಕೇಳಪ್ಪ."

ಇವತ್ತು ಕಾವಲುಗಾರನಿಗೆ ಕೆಲಸವಿಲ್ಲ. ಓರಗಿತ್ತಿ ನೇರವಾಗಿ ಬಾಯಿ ಬಿಡುತ್ತಾಳೆ. "ಅಕ್ಕಾ, ನಾನೇ."

ಮೊನ್ನೆ ಮೊಮ್ಮಗುವಿಗೆ ಜ್ವರವೆಂದು ಹುಲ್ಲಕ್ಕ ರಜೆಯನ್ನೂ ಹೇಳದೆ ಮಗಳ ಮನೆಗೆ ಓಡಿದ್ದಳು. ಅವತ್ತೇ ಗೊಬ್ಬರ ಹಾಕುವ ದಿನ. "ನೀನು ಬಂದಿಲ್ಲ ಅಂತ ಮೇಲ್ವಿಚಾರಕರಿಗೆ ಗೊತ್ತಾಗೋ ಮುಂಚೆ ನಿನ್ನ ಕೆಲಸ ಮುಗಿಸೋಣ ಅಂತ... ಹಗ್ಗ ಒಬ್ಬಳಿಂದ ಎಳೆಯೋಕಾಗಲಿಲ್ಲ. ಒದ್ದೆ ಮೇಲೇ ಎರಚಿಬಿಟ್ಟೆ." ಗೊಬ್ಬರದ ಕಾಳು ಮಣ್ಣಿಗಿಳಿಯದೆ ಒದ್ದೆ ಎಸಳಿಗೇ ಅಂಟಿ ಸುಟ್ಟಿತ್ತು.

ಅಷ್ಟರಲ್ಲೇ ಮೇಲ್ವಿಚಾರಕ ಬರುತ್ತಾನೆ. ಸುಟ್ಟ ಪಟ್ಟೆಗಳನ್ನು ನೋಡಿ ದಂಗಾಗುತ್ತಾನೆ. "ಯಾರ ಕೆಲಸ ಇದು? ಅವರು ನಾಳೆಯಿಂದ ಬರೋದು ಬೇಡ."

ಓರಗಿತ್ತಿ ತಲೆ ತಗ್ಗಿಸುತ್ತಾಳೆ. ಒಂದು ಬೆರಳು ಎತ್ತಿದರೆ ಸಾಕು, ಹುಲ್ಲಕ್ಕನ ಆರು ವರ್ಷದ ಲೆಕ್ಕ ಚುಕ್ತಾ.

"ನಾವು, ಸಾರ್."

"ನಾವು ಅಂದ್ರೆ?"

"ಹಾಕಬೇಕಾದವಳು ನಾನು, ಬರಲಿಲ್ಲ. ಹಾಕಿದವಳು ಅವಳು. ಕಳಿಸೋದಾದ್ರೆ ಇಬ್ಬರನ್ನೂ ಕಳಿಸಿ. ನಾಳೆ ಹಗ್ಗದ ಒಂದು ತುದಿ ನೀವು ಹಿಡ್ಕೊಳ್ಳಿ, ಇನ್ನೊಂದು ನಿಮ್ಮ ಮನೆಯವರಿಗೆ ಕೊಡಿ."

ಕಾವಲುಗಾರ ಕೆಮ್ಮುವ ನೆಪದಲ್ಲಿ ನಗು ನುಂಗುತ್ತಾನೆ. "ಬಿಸಿಲುಗಾಲಕ್ಕೆ ಚಿಗುರದಿದ್ರೆ ಇಬ್ಬರೂ ಹೊರಗೆ," ಎಂದು ಮೇಲ್ವಿಚಾರಕ ಹೊರಟುಹೋಗುತ್ತಾನೆ.

ಹುಲ್ಲಕ್ಕ ಮತ್ತೆ ಮಂಡಿಯೂರುತ್ತಾಳೆ. "ಇವಳದೊಂದು ತಪ್ಪು ಸಿಗಲಿ ಅಂತ ಕಾಯ್ತಿದ್ದೆ ಮೇಡಂ. ಸಿಕ್ಕಿದಾಗ ಕೈಕಾಲು ತಣ್ಣಗಾಯ್ತು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ!" ಉಗುರಿನಿಂದ ಮಣ್ಣು ಕೆದಕುತ್ತಾಳೆ. ಸುಟ್ಟ ಎಸಳಿನ ಕೆಳಗೆ ಬೇರು ಬೆಳ್ಳಗೆ, ಗಟ್ಟಿಯಾಗಿದೆ. ಉಳಿದ ಗೊಬ್ಬರ ತೊಳೆದುಹೋಗಲೆಂದು ಇಬ್ಬರೂ ಪೈಪು ಎಳೆದು ನೀರು ಬಿಡುತ್ತಾರೆ. ಆದರೂ ಚಳಿ ಕಳೆಯುವವರೆಗೆ ಈ ಪಟ್ಟೆಗಳು ಬಂದವರಿಗೆಲ್ಲ ಕಾಣುತ್ತಲೇ ಇರುತ್ತವೆ.

ಪೇಪರಿನಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ಹುಲ್ಲಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾಳೆ.

"ಫೋಟೋ ಇಬ್ಬರದೂ ಹಾಕಿ. ಮಾತಾಡಿದ್ವಿ ಅಂತಾನೂ ಬರೀರಿ. ರಾಜಿ ಆದ್ವಿ ಅಂತ ಮಾತ್ರ ಬರೀಬೇಡಿ. ಅದಿನ್ನೂ ಆಗಿಲ್ಲ."