ಹಿಂಡಿನಿಂದ ಹೊರಗೆ ಹದಿನೆಂಟು ದಿನ

ಮಡೆಪ್ಪನಿಗೆ ಕುರಿಗಳ ಬೇನೆ ಗೊತ್ತಿದ್ದಷ್ಟು ಮನುಷ್ಯರ ಬೇನೆ ಗೊತ್ತಿರಲಿಲ್ಲ. ಔರಾದದಿಂದ ಅರ್ಧ ತಾಸಿನ ದಾರಿಯಲ್ಲಿರುವ ಹಳ್ಳಿಯವನು, ಬುದ್ಧಿ ಬಂದಾಗಿನಿಂದ ಕುರಿಗಳ ಹಿಂದೆಯೇ ನಡೆದವನು. ಹಿಂಡಿನಲ್ಲಿ ಒಂದು ಕುರಿಯ ಮೂಗು ಸೋರಿದರೆ ಸಾಕು, ಅದನ್ನು ಬೇರೆ ಕಟ್ಟಿ, ಬೆನ್ನಿಗೆ ಕೆಮ್ಮಣ್ಣು ಬಳಿದು, ಬೇರೆ ಬೋಗುಣಿಯಲ್ಲಿ ನೀರಿಡುತ್ತಿದ್ದ. ಅವನ ಅಪ್ಪ ಹಾಗೇ ಮಾಡಿ ಹಿಂಡು ಉಳಿಸಿದ್ದ, ಇವನೂ ಉಳಿಸಿದ್ದ. ಆ ಜಾಣತನವೇ ಈ ವರ್ಷ ಅವನ ಕೊರಳಿಗೆ ಸುತ್ತಿಕೊಂಡಿತು.

ದಸರೆಯ ಹೊತ್ತಿಗೆ ಉಣ್ಣೆ ಕತ್ತರಿಸಲು ಓಂಪ್ರಕಾಶ ಎಂಬವನು ಬಂದಿದ್ದ. ಒಂದೇ ಕತ್ತರಿ, ಇಬ್ಬರೂ ಸರದಿಯಲ್ಲಿ ಹಿಡಿದರು. ಓಂಪ್ರಕಾಶನ ಹೆಬ್ಬೆರಳಿಗೆ ತುಸು ತಾಗಿತು, ಆಮೇಲೆ ಮಡೆಪ್ಪನ ಬೆರಳಿಗೂ ತಾಗಿತು. ಅರಿಶಿನ ಒತ್ತಿಕೊಂಡರು, ಮರೆತರು. ಶಿವರಾತ್ರಿ ಹತ್ತಿರ ಬಂದಾಗ ಔರಾದದ ಚಹಾದಂಗಡಿಯಲ್ಲಿ ಒಬ್ಬ ಮಾತು ತೆಗೆದ: ಓಂಪ್ರಕಾಶ ಎಚ್‌ಐವಿ ಗುಳಿಗೆ ನುಂಗುತ್ತಾನಂತೆ. ಇನ್ನೊಬ್ಬರ ಗುಟ್ಟು ಚಹಾದಂಗಡಿಯಲ್ಲಿ ಎಂದಾದರೂ ಉಳಿದಿದೆಯೇ? ಮಡೆಪ್ಪ ತನ್ನ ಬೆರಳಿನ ಹಳೆಯ ಗಾಯ ನೋಡಿಕೊಂಡ. ಕೈಯಲ್ಲಿದ್ದ ಚಹಾ ಆರಿಹೋಯಿತು.

ಔರಾದದಲ್ಲಿ ಎಲ್ಲರೂ ಗುರುತಿನವರು. ಹಾಗಾಗಿ ಬಸ್ಸು ಹತ್ತಿ ಭಾಲ್ಕಿಗೆ ಹೋಗಿ, ಓಣಿಯೊಳಗಿನ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಕೊಟ್ಟ. ಲ್ಯಾಬಿನವನು ರಕ್ತದ ಹನಿ ಬಿಟ್ಟ ಪರೀಕ್ಷೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಸಣ್ಣಗೆ ಗೆರಿ ಕಾಣಸ್ಲತ್ತದ್ರಿ. ಇಷ್ಟರಾಗ ಅದ ಅಂತ ಹೇಳಕ್ಕಾಗಲ್ಲ. ಬೀದರಕ್ಕ ಹೋಗಿ ಪಕ್ಕಾ ಮಾಡಸ್ರಿ."

ಹೇಳಬೇಕಾದ್ದನ್ನು ಅವನು ಸರಿಯಾಗಿಯೇ ಹೇಳಿದ. ಆದರೆ ಮಡೆಪ್ಪನ ಕಿವಿ ಮೊದಲ ಮಾತಿಗೇ ಮುಚ್ಚಿಹೋಗಿತ್ತು.

ಮನೆಗೆ ಮಗಳು ಮಾಯಾ ಆವತ್ತಷ್ಟೇ ಕೂಸಿನೊಂದಿಗೆ ಬಾಣಂತನಕ್ಕೆ ಬಂದಿದ್ದಳು. ಮದುವೆಯಾದ ಎಂಟು ವರ್ಷಕ್ಕೆ ಹುಟ್ಟಿದ ಹೆಣ್ಣು ಕೂಸು, ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಮಡೆಪ್ಪ ಹೊಸ್ತಿಲು ದಾಟಲಿಲ್ಲ. ಹೊರಗಿನ ಕಟ್ಟೆಯ ಮೇಲಿದ್ದ ತನ್ನ ಗಂಗಾಳ, ತಂಬಿಗೆ, ಕಂಬಳಿ ಎತ್ತಿಕೊಂಡು ಮನೆಗೆ ತಾಗಿದ್ದ ಕುರಿದೊಡ್ಡಿಗೆ ಹೋದ. ಹೆಂಡತಿ ಚಂದ್ರಭಾಗಾ ಕೇಳಿದ್ದಕ್ಕೆ, "ಕುರಿ ಈಯಲತ್ತಾವ, ನಾ ಇಲ್ಲೇ ಇರ್ತೇನಿ," ಅಂದ. ಕೆಮ್ಮಣ್ಣು ಬಳಿದುಕೊಳ್ಳಲಿಲ್ಲ, ಅಷ್ಟೇ.

ಆಮೇಲಿನ ದಿನಗಳು ಅವನಿಗೆ ಒಂದರೊಳಗೊಂದು ಕರಗಿಹೋದವು. ಮಧ್ಯಾಹ್ನ ಬೇವಿನ ಕೆಳಗೆ ಒರಗಿದರೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಕಣ್ಣೆದುರು ಕುಸುಬಿಯ ಹೊಲ ಹಳದಿಯಾಗಿ ತೇಲುತ್ತಿತ್ತು. ಕುರಿಗಳು ಮೇಯುವ ಸದ್ದು ದೂರ ಹೋಗುತ್ತ, ಮತ್ತೆ ಹತ್ತಿರ ಬರುತ್ತ ಇರುತ್ತಿತ್ತು. ಆ ಮಂಪರಿನಲ್ಲಿ ಅವನು ಮನೆಯೊಳಗೆ ಹೋಗುತ್ತಿದ್ದ. ತೊಟ್ಟಿಲಿನ ಹಗ್ಗ ಕೈಗೆ ಸಿಗುತ್ತಿತ್ತು, ಕೂಸಿನ ನೆತ್ತಿಯ ಬಿಸಿ ಅಂಗೈಗೆ ತಾಗುತ್ತಿತ್ತು. ಎಚ್ಚರಾದಾಗ ಅಂಗೈಯನ್ನು ಬಹಳ ಹೊತ್ತು ನೋಡಿಕೊಳ್ಳುತ್ತಿದ್ದ. ಅಳು ಬರುತ್ತಿತ್ತು. ಅಳುತ್ತಿದ್ದ ಕೂಡ, ಕುರಿಗಳ ಮುಂದೆ ನಾಚಿಕೆಯೇನು?

ಹದಿನೇಳನೇ ದಿನ ಮುಂಜಾನೆ ಮಾಯಾ ತಾನೇ ದೊಡ್ಡಿಗೆ ಬಂದು ಕೂಸನ್ನು ಮುಂದೆ ಹಿಡಿದಳು. "ಅಪ್ಪಾ, ಒಂದು ಸಲ ಎತ್ಕೋರಿ."

"ಕೈ ಹೊಲಸ ಅದಾವವ್ವ," ಅಂದು ಮಡೆಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಆವತ್ತೇ ಸಂಜೆ ಗೋಡೆಯ ಆಚೆಯಿಂದ ಮಗಳ ದನಿ ಕೇಳಿತು. "ಗಂಡು ಆಗಿದ್ರ ಅಪ್ಪ ನೆಲಕ್ಕ ಇಳಸ್ತಿದ್ದಿಲ್ಲವ್ವಾ. ಹೆಣ್ಣು ಹುಟ್ಟ್ಯದ ಅಂತ ಮಾರಿನೂ ನೋಡವಲ್ಲ. ನಾಡ್ದು ನಾ ಮೈಲೂರಿಗಿ ಹೋಗ್ತೇನಿ."

ಮೈಲೂರು ಅಂದರೆ ಬೀದರದಲ್ಲಿ ಅವಳ ಗಂಡನ ಮನೆ. ಸಾವಿಗಾದರೂ ಅವನು ಅಣಿಯಾಗಿದ್ದ, ಈ ಮಾತಿಗೆ ಅಣಿಯಾಗಿರಲಿಲ್ಲ. ಮರುದಿನ ಮೊದಲ ಬಸ್ಸಿಗೇ ಬೀದರಕ್ಕೆ ಹೊರಟ.

ಆಸ್ಪತ್ರೆಯ ಪರೀಕ್ಷೆಯ ಕೋಣೆಯಲ್ಲಿ ಸಲಹೆ ಹೇಳುವಾಕೆ ವಿಶಾಖಾ ಎಂಬ ಹುಡುಗಿ. ಕತ್ತರಿ, ಭಾಲ್ಕಿ, ದೊಡ್ಡಿ, ಎಲ್ಲವನ್ನೂ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಬೇರೆ ಬೇರೆ ಬಗೆಯ ಮೂರು ಪರೀಕ್ಷೆ ಮಾಡಿಸಿದಳು. ಊಟದ ಹೊತ್ತು ಮೀರಿದ ಮೇಲೆ ಅವನನ್ನು ಒಳಗೆ ಕರೆದಳು.

"ನಿಮಗ ಇಲ್ರಿ, ಕಾಕಾ. ಮೊದಲಿನ ಟೆಸ್ಟು ಭಾಳ ಅನುಮಾನದ್ದು ಇರ್ತದ, ಒಬ್ಬರೂ ತಪ್ಪಬಾರ್ದು ಅಂತ. ಒಮ್ಮೊಮ್ಮೆ ಇಲ್ಲದವರಿಗೂ ತೋರಸ್ತದ. ಅದಕ್ಕೇ ಮತ್ತ ಮತ್ತ ನೋಡ್ತೇವಿ. ಗಾಯಾಗಿ ಮೂರು ತಿಂಗಳು ದಾಟ್ಯಾವ, ಇನ್ನ ಫಿಕರ್ ಬ್ಯಾಡ. ಹಂತಾ ಕತ್ತರಿ ಗಾಯದಿಂದ ಬರೋದೇ ಅಪರೂಪ್ರಿ."

ಮಡೆಪ್ಪ ಕೈಮುಗಿದು ಎದ್ದ.

"ಇನ್ನೊಂದು ಮಾತು ಕೇಳ್ರಿ," ಅಂದಳು ಆಕೆ. "ಇದ್ದಿದ್ರೂ ಕೂಸಿಗಿ ಎತ್ಕೊಂಡ್ರ ಬರಲ್ರಿ. ಜೋಡಿ ಕುಂತು ಉಂಡ್ರೂ ಬರಲ್ಲ."

ಹಿಂದಿರುಗುವ ಬಸ್ಸಿನಲ್ಲಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಯಾರೋ ತನ್ನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ ಅನ್ನಿಸಿ ಮಡೆಪ್ಪ ಕಣ್ಣು ಮುಚ್ಚಿದ. ಮನೆ ಮುಟ್ಟಿದವನೇ ಕೈಕಾಲು ತೊಳೆದು ಒಳಗೆ ಹೋಗಿ ಕೂಸನ್ನು ಎತ್ತಿಕೊಂಡ. ಅದು ಅವನ ಮೀಸೆ ನೋಡಿ ಹೆದರಿ ಅತ್ತಿತು. ಇವನು ನಕ್ಕ. ಎಲ್ಲವನ್ನೂ ಹೇಳಿದ, ಚೂರೂ ಬಿಡದೆ. ಮಾಯಾ ಅವನ ತೋಳಿಗೆ ಹಣೆಯಿಟ್ಟು ಅತ್ತಳು.

ಚಂದ್ರಭಾಗಾ ಅಳಲಿಲ್ಲ, ಬೈಯಲೂ ಇಲ್ಲ. ಮಗಳು ಕೂಸಿಗೆ ಹಾಲೂಡಿಸಲು ಎದ್ದುಹೋಗುವ ತನಕ ಕಾದಿದ್ದು, ಆಮೇಲೆ ಗಂಡನ ಎದುರಿಗೆ ಬಂದು ಕುಳಿತಳು.

"ಇಲ್ಲ ಅಂದ್ರು, ಮನಿಯೊಳಗ ಬಂದ್ರಿ," ಅಂದಳು. "ಅದ ಅಂದಿದ್ರ?"

ಮಡೆಪ್ಪ ದೊಡ್ಡಿಯ ಕಡೆ ನೋಡಿದ.

"ನನಗ ಒಂದು ಮಾತೂ ಹೇಳ್ದಂಗ ಅಲ್ಲೇ ಕುರಿ ಜೋಡಿ ಸತ್ತು ಹೋಗ್ತಿದ್ರೇನ್ರಿ?"

ಮೂವತ್ತಾರು ವರ್ಷ ಜೊತೆಗೆ ಬಾಳಿದವಳಿಗೆ ಇಲ್ಲ ಅನ್ನಬೇಕೆಂದು ಅವನು ಬಾಯಿ ತೆರೆದ. ಸುಳ್ಳು ಬರಲಿಲ್ಲ. ಅವನು ಹಾಗೆಯೇ ಮಾಡುತ್ತಿದ್ದ, ಅದು ಅವಳಿಗೆ ಗೊತ್ತಿತ್ತು.