ತಿಪ್ಪೆ ಕೆದಕಿದ ಹೆಬ್ಬೆರಳು

ನಮ್ಮತ್ತೆಯ ಬಲಗಾಲಿನ ಹೆಬ್ಬೆರಳಿನ ಉಗುರು ಎಮ್ಮೆಯ ಗೊರಸಿನ ಹಾಗೆ ದಪ್ಪಗೆ, ಕಪ್ಪಗೆ, ಒಂದು ಕಡೆಗೆ ಸೊಟ್ಟಗಿತ್ತು. ಬೆರಳಿನ ತುಂಬ ಹಳೆಯ ಗೀರುಗಳು. ಆ ಬೆರಳಿನಿಂದ ಅವಳು ಕಂಡವರ ಮನೆಯ ಕಸ ಕೆದಕುತ್ತಿದ್ದಳು. ಕೋಲು ಹಿಡಿಯುತ್ತಿರಲಿಲ್ಲ, ಬಗ್ಗಿ ಕೈ ಹಾಕುತ್ತಲೂ ಇರಲಿಲ್ಲ. ಸೀರೆಯನ್ನು ಗೇಣುದ್ದ ಎತ್ತಿ, ನಿಂತ ನಿಲುವಿನಲ್ಲೇ ಕೋಳಿಯ ಹಾಗೆ ಎರಡು ಸಲ ಕೆದಕಿ, ಮೂಗು ಮುರಿದು, ಆ ಮನೆಯವರ ಯೋಗ್ಯತೆ ಇಷ್ಟೇ ಎಂದು ಹೇಳಿಬಿಡುತ್ತಿದ್ದಳು. ಅವಳ ಬಾಯಲ್ಲಿ ಒಳ್ಳೆಯ ಮಾತು ಬಂದದ್ದು ಕಡಿಮೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಗಂಡ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದುದರಿಂದ ಊರಿಗಾಂನ ಕಂಪನಿ ಲೈನಿನ ಇಕ್ಕಟ್ಟು ಸಾಲುಮನೆಯಲ್ಲಿ ಬಾಳಿದವಳು. ಗಂಡ ಹೋದ ಮೇಲೆ ಮಗನಿಗೂ ಅದೇ ಗಣಿಯಲ್ಲಿ ಕೆಲಸ ಸಿಕ್ಕಿ ಅಲ್ಲೇ ಉಳಿದಳು. ನಮ್ಮದು ಬೇತಮಂಗಲದ ಹತ್ತಿರದ ಹಳ್ಳಿ. ಹೊಲ, ಹಸು, ಮನೆ ಪಕ್ಕ ತಿಪ್ಪೆ. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಅವಳ ಜೊತೆ ಒಂದು ವಾರ ಇದ್ದು ನೋಡಬೇಕಿತ್ತು.

ಆ ಮನೆಯ ಹಿಂದೆ ಗೋಡೆಗುಂಟ ಅವಳ ಡಬ್ಬಗಳು ಕೂತಿರುತ್ತಿದ್ದವು. ತರಕಾರಿ ಸಿಪ್ಪೆಗೆ ಒಂದು, ಒಲೆಯ ಬೂದಿಗೆ ಒಂದು, ಚಿಂದಿಗೆ ಬೇರೆ, ಗಾಜಿಗೆ ಬೇರೆ, ತಗಡಿಗೆ ಬೇರೆ. ಅಕ್ಕಿ ತೊಳೆದ ನೀರು, ಮಿಕ್ಕ ಅನ್ನ ಹಾಲಿನವಳ ಎಮ್ಮೆಗೆ ಕಲಗಚ್ಚಿಗೆಂದು ಹೋಗುತ್ತಿತ್ತು. ಹಳೇ ಪೇಪರು, ಸೀಸೆ, ತಗಡು ಗುಜರಿಯವನ ತಳ್ಳುಗಾಡಿಗೆ. ಗುಡಿಸಿದ ಕಸ ಮಾತ್ರ ಎಲ್ಲದರಿಂದ ದೂರ. ಹಳ್ಳಿಯಲ್ಲಿ ಮನೆ ಗುಡಿಸಿದ್ದು ನೇರ ತಿಪ್ಪೆಗೆ ಹೋಗುತ್ತದೆ, ಅದರಿಂದ ಕೇಡಿಲ್ಲ. ಊರಿಗಾಂನಲ್ಲಿ ಗಾಳಿ ಎದ್ದರೆ, ಚಿನ್ನ ತೆಗೆದು ಗಣಿಯವರು ಗುಡ್ಡೆ ಹಾಕಿದ ಸಯನೈಡ್ ದಿಬ್ಬದ ಬೂದುಬಣ್ಣದ ದೂಳು ಮನೆಗೆಲ್ಲ ನುಗ್ಗುತ್ತದೆ, ಪೊರಕೆಗೆ ಸಿಗುವುದೂ ಅದೇ. ಅದು ಬಿದ್ದ ಕಡೆ ಹುಲ್ಲೂ ಹುಟ್ಟುವುದಿಲ್ಲ ಎನ್ನುತ್ತಿದ್ದಳು. ಸೊಸೆ ಮರೆತು ಅದನ್ನು ಸಿಪ್ಪೆಯ ಡಬ್ಬಕ್ಕೆ ಸುರಿದರೆ ಅವತ್ತು ಆ ಹೆಣ್ಣಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಲೈನಿನವರು ತಮಿಳಿನಲ್ಲಿ ಅವಳಿಗೆ ಕುಪ್ಪೆಯಮ್ಮ ಎಂದು ಹೆಸರಿಟ್ಟಿದ್ದರು, ಅಂದರೆ ಕಸದಮ್ಮ. ಅವಳಿಗೂ ಗೊತ್ತಿತ್ತು. ಕಸ ಯಾವುದು, ಕಲಗಚ್ಚು ಯಾವುದು ಎಂದು ತಿಳಿಯದವರು ಇಟ್ಟ ಹೆಸರಿಗೆ ಅವಳು ಯಾಕೆ ತಲೆ ಕೆಡಿಸಿಕೊಂಡಾಳು.

ಸಿಪ್ಪೆಯ ಡಬ್ಬ ತುಂಬಿದರೆ ಬಾಯಿಗೆ ಬಟ್ಟೆ ಕಟ್ಟಿ, ಬಸ್ಸು ಹತ್ತಿ, ನಮ್ಮ ತಿಪ್ಪೆಗೆ ತರುತ್ತಿದ್ದಳು. ಬೇರೆ ಹೆಂಗಸರು ತವರಿಗೆ ಬರುವಾಗ ಮಕ್ಕಳಿಗೆ ಬಿಸ್ಕತ್ತು ತರುತ್ತಾರೆ, ನಮ್ಮತ್ತೆ ಕೊಳೆತ ಬದನೆಕಾಯಿ ತೊಟ್ಟು ತರುತ್ತಿದ್ದಳು. ಒಮ್ಮೆ ಕಂಡಕ್ಟರು ಮೂಗು ಮುಚ್ಚಿಕೊಂಡು ಡಬ್ಬ ಕೆಳಗಿಳಿಸು ಎಂದನಂತೆ.

"ನಿನ್ ಬಸ್ಸಾಗೆ ಕುಂತಿರೋರೆಲ್ಲಾರ್ಗಿಂತ ಇದೇ ಉಪಯೋಗಕ್ಕೆ ಬರೋದು. ಬೇಕಾದ್ರೆ ಅವರ್ನ ಇಳ್ಸು" ಎಂದಳಂತೆ ಅತ್ತೆ. ಬಸ್ಸಿಗೆ ಬಸ್ಸೇ ಶಾಪ ಹಾಕಿತು. ಅವಳು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಬಂದಳು. ಬಂದವಳು ಮನೆಯೊಳಗೆ ಕಾಲಿಡದೆ ಮೊದಲು ತಿಪ್ಪೆಗೆ ಹೋಗಿ ಕೆದಕಿ ನೋಡಿದಳು. ಪ್ರತಿ ಸಲವೂ ಹಾಗೇ. ಒಂದು ಅಂಗಿ ಗುಂಡಿಯೋ, ಬಳೆ ಚೂರೋ ಸಿಕ್ಕಿದರೆ ಅಮ್ಮನ ವಂಶವನ್ನೆಲ್ಲ ಜಾಲಾಡುತ್ತಿದ್ದಳು.

ಕಾರಣವಿತ್ತು, ಇಲ್ಲವೆನ್ನಲಾರೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ತಿಪ್ಪೆ ಒಡೆದು, ಗೊಬ್ಬರವನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಾರೆ. ಹೆಂಗಸರು ಬರಿಗಾಲಲ್ಲಿ ನಿಂತು ಬರಿಗೈಯಲ್ಲಿ ಅದನ್ನು ಚೆಲ್ಲುತ್ತಾರೆ. ಅತ್ತೆಗೆ ಇನ್ನೂ ಮದುವೆಯಾಗದಿದ್ದಾಗ ನಮ್ಮಜ್ಜಿ ಹೀಗೆ ಗೊಬ್ಬರ ಚೆಲ್ಲುತ್ತ ಸೀಸೆಯ ಚೂರು ತುಳಿದಳು. ಅರಿಶಿನ ಮೆತ್ತಿ ಬಟ್ಟೆ ಸುತ್ತಿದರು. ಧನುರ್ವಾಯುವಾಗಿ ಸತ್ತಳು. ಸೀಸೆಯನ್ನು ತಿಪ್ಪೆಗೆ ಎಸೆದವರು ಮನೆಯವರೇ ಯಾರೋ, ಒಬ್ಬರೂ ಬಾಯಿ ಬಿಡಲಿಲ್ಲ. ಅಲ್ಲಿಂದಾಚೆ ಅತ್ತೆ ಯಾರ ಮನೆಯ ಕಸವನ್ನೂ ನಂಬಲಿಲ್ಲ. ಅವಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ತಾಯಿಯನ್ನು ಕಳೆದುಕೊಂಡವರೆಲ್ಲ ಊರಿಗೆ ಶನಿಯಾಗುವುದಿಲ್ಲವಲ್ಲ.

ನನಗೂ ಶನಿಯಾದಳು. ಎಂಬತ್ತರ ದಶಕದ ಮಾತು. ಬಂಗಾರಪೇಟೆಯ ಆಚೆಯ ಒಂದು ಹಳ್ಳಿಯಿಂದ ನನಗೊಂದು ಸಂಬಂಧ ಬಂತು. ಹಾಲಿನ ಮನೆ, ಕೊಟ್ಟಿಗೆ ತುಂಬ ದನ ಎಂದು ನಡುವೆ ನಿಂತವನು ಹೇಳಿದ್ದ. ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ನನ್ನನ್ನು ಏನೂ ಕೇಳಲಿಲ್ಲ. ಕೇಸರಿಬಾತು ಎರಡನೇ ಸಲ ಹಾಕಿಸಿಕೊಂಡು, ತಲೆಯೆತ್ತಿ ನನ್ನನ್ನು ನೋಡಿ ನಕ್ಕ. ಆ ವಯಸ್ಸಿಗೆ ನನಗೆ ಅಷ್ಟೇ ಸಾಕಾಗಿತ್ತು. ಅಂದೇ ಮನಸ್ಸಿನಲ್ಲಿ ಆ ಮನೆಯ ಸೊಸೆಯಾಗಿಬಿಟ್ಟೆ.

ಆಮೇಲೆ ನಮ್ಮವರು ಗಂಡಿನ ಮನೆ ನೋಡಲು ಹೊರಟರು. ಹೆಣ್ಣನ್ನು ಅಲ್ಲಿಗೆ ಕರೆದೊಯ್ಯುವ ಪದ್ಧತಿಯಿಲ್ಲ. ನಡೆದದ್ದನ್ನು ಅಮ್ಮ ಎಷ್ಟು ಸಲ ಹೇಳಿದಳೆಂದರೆ, ನಾನೇ ಕಣ್ಣಾರೆ ಕಂಡ ಹಾಗಾಗಿದೆ. ನಮ್ಮ ಕಡೆಯ ಹಿರಿಯರು ಮನೆ ನೋಡಲು ಹೋದರೆ ಮೊದಲು ಕಣ್ಣಾಡಿಸುವುದು ತಿಪ್ಪೆಯ ಮೇಲೆ. ತಿಪ್ಪೆ ದೊಡ್ಡದಿದ್ದರೆ ದನ ಹೆಚ್ಚು, ದನ ಹೆಚ್ಚಿದ್ದರೆ ಹುಡುಗಿಗೆ ಊಟಕ್ಕೆ ಬರವಿಲ್ಲ. ಆ ಮನೆಯ ಬಾಗಿಲ ಪಕ್ಕದಲ್ಲೇ ಆಳೆತ್ತರದ ತಿಪ್ಪೆ, ಮೇಲೆಲ್ಲ ಹಸಿ ಸಗಣಿ. ಅಪ್ಪ ನೋಡಿ ಅರಳಿಹೋದ. ಎಲ್ಲರೂ ಜಗುಲಿಯ ಮೇಲೆ ಕೂತು ಕಾಫಿ ಲೋಟ ಹಿಡಿದರು. ಅತ್ತೆ ಮಾತ್ರ ಸೀರೆ ಎತ್ತಿ ಹಿಡಿದು ತಿಪ್ಪೆಯ ಬುಡಕ್ಕೆ ಹೋದಳು.

ಎರಡು ಸಲ ಕೆದಕಿದ್ದಕ್ಕೆ ಸಗಣಿಯ ಹೊದಿಕೆ ಕಿತ್ತುಬಂತು. ಒಳಗೆ ಟೂತ್‌ಪೇಸ್ಟಿನ ಕೊಳವೆ, ಬ್ಲೇಡು, ಹೋಟೆಲಿನ ಎಲೆ, ಇಂಜೆಕ್ಷನ್ನಿನ ಪುಟ್ಟ ಸೀಸೆಗಳು.

"ಏನ್ ಯಜಮಾನ್ರೇ, ನಿಮ್ಮನೇಲಿ ಯಾರಾನಾ ಡಾಕ್ಟ್ರು ಅವ್ರಾ?" ಎಂದು ಕೇಳಿದಳು. ಗಂಡಿನ ಅಪ್ಪ ತಮಾಷೆಯೆಂದುಕೊಂಡು ನಕ್ಕು, ಇಲ್ಲವೆಂದರು.

"ಮತ್ತೆ ಈ ಸೀಸೇನೆಲ್ಲ ನಿಮ್ಮ ಅಸ ಸಗಣಿ ಜತೆ ಆಕ್ತಾ?"

ಗೊಬ್ಬರಕ್ಕೆಂದು ಪೇಟೆಯ ಕಸ ಒಂದು ಲಾರಿ ತರಿಸಿದ್ದೇವೆ, ಎಲ್ಲರೂ ತರಿಸುತ್ತಾರೆ ಎಂದು ಅವರು ಸಮಜಾಯಿಷಿ ಕೊಟ್ಟರು. ಅದು ಸುಳ್ಳಲ್ಲ, ತರಿಸುವವರಿದ್ದರು. ಆದರೆ ಅವರು ಹೊಲದಲ್ಲಿ ಸುರಿಸುತ್ತಾರೆ, ಹೆಣ್ಣು ಕೊಡುವವರು ಬರುವ ದಾರಿಯಲ್ಲಿ ಸುರಿಸಿ ಮೇಲೆ ಸಗಣಿ ಬಳಿಯುವುದಿಲ್ಲ ಎಂದು ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. ಕೆದಕುವಾಗ ಕಾಲಿಗಂಟಿದ ಬೂದು ದೂಳನ್ನು ಬೆರಳಿನಿಂದ ಒರೆಸಿ ತೋರಿಸಿ, ಇದು ನಮ್ಮೂರಿನ ದಿಬ್ಬದ ದೂಳು, ಕಸ ಬಂದದ್ದೂ ಅಲ್ಲಿಂದಲೇ, ದಿನಾ ತಿನ್ನುವವಳಿಗೆ ಗುರುತು ಸಿಗುವುದಿಲ್ಲವೇ ಎಂದಳು. ಕೊಟ್ಟಿಗೆಯಲ್ಲಿದ್ದದ್ದು ಒಂದು ಬಡಕಲು ಹಸು ಮಾತ್ರ ಎಂಬುದು ಅಮ್ಮನ ಕಣ್ಣಿಗೆ ಬಿದ್ದದ್ದು ಆಗಲೇ. ಥೂ, ದನ ಇಲ್ಲದಿದ್ದರೆ ಇಲ್ಲ ಎನ್ನಬೇಕು. ತಿಪ್ಪೆಯನ್ನು ಹೊರಗಿನಿಂದ ತರಿಸಿ ಮೆರೆಯುವ ಮಾನಗೇಡಿತನವನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಅಷ್ಟಾದರೂ ಅಪ್ಪ ಸಂಬಂಧ ಬಿಡಲು ಸಿದ್ಧನಿರಲಿಲ್ಲ. ಹುಡುಗ ಚೆನ್ನಾಗಿದ್ದಾನೆ, ಕಸದ ಮಾತು ಸಾಕು ಎಂದು ಅಕ್ಕನನ್ನು ಸುಮ್ಮನಾಗಿಸಲು ನೋಡಿದ. ಅತ್ತೆ ಅವನ ಕಡೆ ತಿರುಗಿದಳು.

"ಲೇ, ನಾಳೆ ಇದ್ನ ತುಳಿಯೋಳು ಯಾರ್ಲಾ? ನಿನ್ ಮಗಳೇ ತಾನೆ? ಅಮ್ಮನ ಕಾಲು ಮರ್ತೋಯ್ತಾ?"

ಅಪ್ಪ ಕಾಫಿ ಲೋಟ ಕೆಳಗಿಟ್ಟ. ಊಟಕ್ಕೆ ನಿಲ್ಲದೆ ಎಲ್ಲರೂ ಎದ್ದು ಬಂದರು.

ನಾನು ಅನ್ನ ಬಿಟ್ಟೆ, ಅತ್ತೆಯ ಜೊತೆ ಮಾತು ಬಿಟ್ಟೆ. ಬಿಡುವ ಮೊದಲು ಚೆನ್ನಾಗಿ ಆಡಿಯೂ ಬಿಟ್ಟೆ. ಕಸದ ಮಧ್ಯೆ ಕೂತೂ ಕೂತೂ ಮನುಷ್ಯರೆಲ್ಲ ಕಸವಾಗಿ ಕಾಣುತ್ತಾರೆ ನಿನಗೆ ಎಂದೆ.

"ಕಸಾನ ಬೇರೆ ಮಾಡಬೋದು ಕಣಮ್ಮ" ಎಂದು ಖಾಲಿ ಡಬ್ಬ ಎತ್ತಿಕೊಂಡು ಬಸ್ಸಿಗೆ ಹೋದಳು.

ಆ ಹುಡುಗ ಆಮೇಲೆ ಕುಡಿದು ಹಾಳಾದ ಎಂದು ಬರೆದರೆ ಓದುವವರಿಗೆ ಸಮಾಧಾನ. ಹಾಗೇನೂ ಆಗಲಿಲ್ಲ. ಬೇರೆ ಕಡೆ ಹೆಣ್ಣು ಸಿಕ್ಕಿತು, ಬಂಗಾರಪೇಟೆಯಲ್ಲಿ ಅಂಗಡಿ ಇಟ್ಟ, ಹೊಟ್ಟೆ ಬಂತು, ಈಗಲೂ ಇಸ್ತ್ರಿ ಅಂಗಿಯಲ್ಲೇ ಓಡಾಡುತ್ತಾನೆ. ಅವನ ಹೆಂಡತಿಯ ಕಾಲನ್ನು ನಾನು ನೋಡಿಲ್ಲ.

ಮುಂದಿನ ವರ್ಷ ಇನ್ನೊಂದು ಮನೆ ನೋಡಲು ಹೋದಾಗಲೂ ಅತ್ತೆಯನ್ನು ಕರೆದರು. ಅವರು ಬರುವವರೆಗೂ ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಸಂಜೆ ಮರಳಿ ಬಂದವಳು ಕಾಲು ತೊಳೆಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು:

"ಚಿಕ್ಕದು. ಆದ್ರೆ ಅವರ್ದೇ."

ಆ ಮನೆಗೇ ನಾನು ಸೊಸೆಯಾಗಿ ಬಂದೆ. ನನ್ನ ಗಂಡ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ನಗುವುದಂತೂ ದೀಪಾವಳಿಗೋ ಯುಗಾದಿಗೋ. ಆದರೆ ಅವರ ತಾಯಿ ಒಡೆದ ಲೋಟದ ಚೂರನ್ನು ಒಂದೂ ಬಿಡದೆ ಆಯ್ದು ಹಳೆಯ ಮಡಕೆಯಲ್ಲಿ ಹಾಕಿಡುವವರು.

ತೊಂಬತ್ತರ ದಶಕದಲ್ಲಿ ಅತ್ತೆ ಊರಿಗಾಂನಲ್ಲೇ ತೀರಿಕೊಂಡಳು. ನಾನು ಹೋಗುವಷ್ಟರಲ್ಲಿ ನೆಂಟರು ಮನೆಯ ಹಿಂದೆ ಜಾಗ ಮಾಡಲೆಂದು ಅವಳ ಡಬ್ಬಗಳನ್ನೆಲ್ಲ ಬೀದಿಯ ಕೊನೆಯಲ್ಲಿ ಒಂದೇ ಗುಡ್ಡೆಯಾಗಿ ಸುರಿದಿದ್ದರು. ಸಿಪ್ಪೆ, ಗಾಜು, ಬೂದಿ, ಚಿಂದಿ ಎಲ್ಲ ಒಟ್ಟಿಗೆ. ಜೀವಮಾನವೆಲ್ಲ ಆ ಹೆಂಗಸು ಬೇರೆ ಮಾಡಿದ್ದನ್ನು ಬೆರೆಸಲು ಈ ದಂಡಪಿಂಡಗಳಿಗೆ ಒಂದು ಗಳಿಗೆ ಸಾಕಾಗಿತ್ತು. ಹೆಣ ಮುಂದಿದೆ ಎಂಬುದನ್ನೂ ಮರೆತು ಬಾಯಿಗೆ ಬಂದ ಹಾಗೆ ಬೈದೆ. ಮುದುಕಿ ಎಲ್ಲೂ ಹೋಗಿಲ್ಲ, ಇವಳ ಬಾಯಲ್ಲೇ ಕೂತಿದ್ದಾಳೆ ಎಂದು ಸೊಸೆ ಗೊಣಗಿದಳು. ಹೌದೇನೋ.

ಹೆಣಕ್ಕೆ ನೀರು ಹಾಕುವಾಗ ಕಾಲು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಸೊಟ್ಟ ಉಗುರಿನ ಸಂದಿಯಲ್ಲಿ ಆ ಬೂದು ದೂಳು ಇನ್ನೂ ಕೂತಿತ್ತು. ಉಜ್ಜಿ ತೆಗೆದೆ. ಹೆಬ್ಬೆರಳಿನ ಮೇಲೆ ಒಂದರ ಮೇಲೊಂದು ಗೀರು, ಕೆಲವು ಆಳವಾದವು. ಪಕ್ಕದಲ್ಲೇ ಒದ್ದೆ ನೆಲದ ಮೇಲೆ ನನ್ನ ಪಾದಗಳಿದ್ದವು. ಮದುವೆಯಾದಂದಿನಿಂದ ವರ್ಷಾ ವರ್ಷಾ ಗೊಬ್ಬರ ತುಳಿದ ಪಾದಗಳು. ಕಪ್ಪಾಗಿವೆ, ಹಿಮ್ಮಡಿ ಬಿರಿದಿದೆ. ಗಾಜು ತಾಗಿದ ಗುರುತು ಒಂದೂ ಇಲ್ಲ.